ಚೀಟಿ ಬರೆಯುವ ಮುನ್ನ ಹಲ್ಲಿನ ಸೆಟ್ಟು ತೆಗೆಸಿ ನೋಡಿ: ದಂತವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ದಂತವೈದ್ಯ ಮಿತ್ರರೇ, ದಂತವೈದ್ಯ ಕಾಲೇಜುಗಳಲ್ಲಿ ಪಾಠ ಹೇಳುವ ಗುರುಗಳೇ,

ಬಾಯಿಯ ಫಂಗಸ್ ಸೋಂಕಿಗೆ ಔಷಧ ಬರೆಯುವುದು ನಮ್ಮ ವೃತ್ತಿಯಲ್ಲಿ ಅರ್ಧ ನಿಮಿಷದ ಕೆಲಸವಾಗಿಬಿಟ್ಟಿದೆ. ಬಿಳಿ ಕಂಡರೆ ಒಂದು ಜೆಲ್, ಕೆಂಪು ಕಂಡರೆ ಒಂದು ಮಾತ್ರೆ, ಏನೂ ಕಾಣದೆ ಬರೀ ಉರಿಯಿದ್ದರೆ ಯಾವುದಕ್ಕೂ ಇರಲಿ ಎಂದು ಎರಡೂ. ವಾರದಲ್ಲಿ ತಗ್ಗುತ್ತದೆ, ತಿಂಗಳು ಕಳೆಯುವುದರೊಳಗೆ ಮರಳುತ್ತದೆ, ಮತ್ತೆ ಅದೇ ಚೀಟಿ. ಮೂರನೆಯ ಸಲಕ್ಕೆ ‘ಔಷಧಕ್ಕೆ ಬಗ್ಗುತ್ತಿಲ್ಲ’ ಎಂದು ಇನ್ನೂ ಜೋರಾದ ಮಾತ್ರೆ. ಇಷ್ಟರಲ್ಲಿ ರೋಗಿಯ ಹಲ್ಲಿನ ಸೆಟ್ಟನ್ನು ತೆಗೆಸಿ, ತಿರುಗಿಸಿ, ಅದರ ಒಳಮೈ ನೋಡಿದವರು ಯಾರೂ ಇರುವುದಿಲ್ಲ. ಅವರು ದಿನಾ ನುಂಗುವ ಮಾತ್ರೆಗಳ ಹೆಸರು ಕೇಳಿದವರೂ ಇರುವುದಿಲ್ಲ. ಈ ಎರಡು ಲೋಪಗಳ ಬಗ್ಗೆಯೇ ಈ ಪತ್ರ.

ಈ ಸೋಂಕಿಗೆ ಕಾರಣವಾದ ಫಂಗಸ್, ಕ್ಯಾಂಡಿಡಾ, ಹೊರಗಿನಿಂದ ನುಗ್ಗಿಬಂದದ್ದಲ್ಲ. ಆರೋಗ್ಯವಾಗಿರುವವರಲ್ಲೂ ಸುಮಾರು ಅರ್ಧದಷ್ಟು ಮಂದಿಯ ಬಾಯಲ್ಲಿ ಅದು ತನ್ನ ಪಾಡಿಗೆ ತಾನಿರುತ್ತದೆ. ಹಾಗಾಗಿ ಸ್ವಾಬ್ ಕಳಿಸಿ ‘ಕ್ಯಾಂಡಿಡಾ ಬೆಳೆದಿದೆ’ ಎಂಬ ವರದಿ ಬಂದ ಮಾತ್ರಕ್ಕೆ ಅದು ರೋಗವಾಗುವುದಿಲ್ಲ. ಕೆರೆದು ತೆಗೆದದ್ದನ್ನು ಗಾಜಿನ ಮೇಲೆ ಸವರಿ, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡಿದಾಗ ಹೈಫೆ, ಅಂದರೆ ಫಂಗಸ್ಸಿನ ಎಳೆಗಳು, ಕಂಡರೆ ಆ ಸಾಕ್ಷಿಗೆ ತೂಕವಿದೆ. ಅದಕ್ಕೂ ಮೊದಲು ಮಾಡಬೇಕಾದದ್ದು ಕಾಸು ಖರ್ಚಿಲ್ಲದ ಪರೀಕ್ಷೆ: ಒಂದು ತುಂಡು ಗಾಜ್ ಬಟ್ಟೆಯಿಂದ ಬಿಳಿಯನ್ನು ಒರೆಸುವುದು. ಮೊಸರಿನ ಗಸಿಯಂತೆ ಎದ್ದುಬಂದು ಕೆಳಗೆ ಕೆಂಪು, ಕೆಲವೊಮ್ಮೆ ರಕ್ತ ಜಿನುಗುವ ಮೈ ಉಳಿದರೆ ಅದು ಥ್ರಷ್, ಅಂದರೆ ಕ್ಯಾಂಡಿಡಾ ಸೋಂಕು. ಎದ್ದು ಬಾರದಿದ್ದರೆ ಅಲ್ಲಿಗೇ ನಿಲ್ಲಿ. ಅದು ಲೈಕೆನ್ ಪ್ಲೇನಸ್ ಎಂಬ ಉರಿಯೂತದ ರೋಗವಿರಬಹುದು, ಹಲ್ಲು ತಗುಲಿ ತಗುಲಿ ದಪ್ಪಗಾದ ಚರ್ಮವಿರಬಹುದು, ಕ್ಯಾನ್ಸರ್ ಆಗಿ ತಿರುಗಬಹುದಾದ ಲ್ಯೂಕೋಪ್ಲೇಕಿಯಾ ಎಂಬ ಬಿಳಿ ಮಚ್ಚೆ ಇರಬಹುದು.

ಒರೆಸಿದರೆ ಹೋಗದ ಕ್ಯಾಂಡಿಡಾ ಕೂಡ ಇದೆ. ಅದೇ ಲೋಳೆಪೊರೆ ದಪ್ಪಗಾಗುವ ಹೈಪರ್‌ಪ್ಲಾಸ್ಟಿಕ್ ಬಗೆ. ಹೆಚ್ಚಾಗಿ ಕಟಬಾಯಿಯ ಒಳಬದಿಯ ಕೆನ್ನೆಯಲ್ಲಿ, ಧೂಮಪಾನಿಗಳಲ್ಲಿ ಕಾಣುವ ಇದು ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇರುವಂಥದ್ದು. ಇದಕ್ಕೆ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಕಾಯುವುದು ದೊಡ್ಡ ತಪ್ಪು. ಎರಡು ವಾರದ ಚಿಕಿತ್ಸೆಯಾದ ಮೇಲೂ ಬಿಳಿ ಉಳಿದಿದ್ದರೆ ಬಯಾಪ್ಸಿ ಆಗಲೇಬೇಕು. ಬಿಳಿಯ ನಡುವೆ ಕೆಂಪು ಚುಕ್ಕೆಗಳಿದ್ದರೆ, ಮುಟ್ಟಿದಾಗ ಗಟ್ಟಿ ಎನಿಸಿದರೆ ಆ ಎರಡು ವಾರವನ್ನೂ ಕಾಯಬೇಡಿ. ಬಯಾಪ್ಸಿ ಕಳಿಸುವಾಗ ‘ಪಿಎಎಸ್ ಬಣ್ಣ ಹಾಕಿ ನೋಡಿ’ ಎಂದು ಕಾಗದದಲ್ಲಿ ಬರೆಯಿರಿ. ಮಾಮೂಲಿ ಬಣ್ಣದಲ್ಲಿ ಹೈಫೆ ಕಣ್ತಪ್ಪಿಹೋಗುತ್ತದೆ.

ಇನ್ನು ನಾಲಿಗೆಯ ಮೇಲೆ ಬೆಳಗ್ಗೆ ಕಟ್ಟುವ ಬಿಳಿ ಪದರ, ಜಾಗ ಬದಲಿಸುತ್ತಾ ನಕ್ಷೆಯಂತೆ ಕಾಣುವ ಕೆಂಪು ಮಚ್ಚೆಗಳು, ಬಾಯಿ ನೋಡಿದರೆ ಏನೂ ಇಲ್ಲದ ಬರೀ ಉರಿ, ಈ ಮೂರಕ್ಕೂ ಫಂಗಸ್ ಔಷಧ ಬರೆಯುವ ರೂಢಿ ಎಲ್ಲಿಂದ ಬಂತೋ ತಿಳಿಯದು. ಆ ರೂಢಿಯನ್ನು ಬಿಟ್ಟುಬಿಡೋಣ.

ಈಗ ಸೆಟ್ಟಿನ ವಿಷಯ. ಮೇಲಿನ ಪೂರ್ತಿ ಸೆಟ್ಟು ಹಾಕುವವರ ಅಂಗುಳದಲ್ಲಿ, ಸರಿಯಾಗಿ ಸೆಟ್ಟಿನ ಅಳತೆಗೇ ಕೆಂಪು ಅಚ್ಚೊತ್ತಿರುತ್ತದೆ. ‘ಡೆಂಚರ್ ಸೋರ್ ಮೌತ್’ ಎಂಬ ಹಳೆಯ ಹೆಸರಿದ್ದರೂ ಬಹುತೇಕರಿಗೆ ನೋವೇ ಇರುವುದಿಲ್ಲ, ಆದ್ದರಿಂದ ಅವರಾಗಿ ಹೇಳುವುದೂ ಇಲ್ಲ. 1962ರಲ್ಲಿ ನ್ಯೂಟನ್ ಮಾಡಿದ ವರ್ಗೀಕರಣ ಇಂದಿಗೂ ಕೆಲಸಕ್ಕೆ ಬರುತ್ತದೆ: ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಒಂದನೆಯದು, ಸೆಟ್ಟಿನಡಿಯೆಲ್ಲ ಹರಡಿದ ಕೆಂಪು ಎರಡನೆಯದು, ಅಂಗುಳದ ನಡುವೆ ಸಣ್ಣ ಸಣ್ಣ ಗಂಟುಗಳೆದ್ದದ್ದು ಮೂರನೆಯದು. ಒಂದನೆಯದರಲ್ಲಿ ಸೆಟ್ಟು ಸರಿಯಾಗಿ ಕೂರದೆ ಒತ್ತುತ್ತಿದೆಯೇ ಎಂದು ಮೊದಲು ನೋಡಬೇಕು. ಮೂರನೆಯದರಲ್ಲಿ ಔಷಧದಿಂದ ಕೆಂಪು ಇಳಿಯುತ್ತದೆ, ಗಂಟುಗಳು ಹೋಗುವುದಿಲ್ಲ. ಹೊಸ ಸೆಟ್ಟು ಮಾಡುವ ಮೊದಲು ಅವನ್ನು ಕೆಲವೊಮ್ಮೆ ಕತ್ತರಿಸಿ ತೆಗೆಯಬೇಕಾಗುತ್ತದೆ.

ಇಲ್ಲಿ ಫಂಗಸ್‌ನ ಮನೆ ಅಂಗುಳವಲ್ಲ, ಸೆಟ್ಟು. ಅಕ್ರಿಲಿಕ್‌ನ ಒಳಮೈ ಕಣ್ಣಿಗೆ ನುಣುಪಾಗಿ ಕಂಡರೂ ಅದರ ತುಂಬ ಸೂಕ್ಷ್ಮ ರಂಧ್ರಗಳು, ಗೀರುಗಳು. ಕ್ಯಾಂಡಿಡಾ ಅಲ್ಲಿ ಬ್ಯಾಕ್ಟೀರಿಯಾಗಳ ಜೊತೆ ಸೇರಿ ಬಯೋಫಿಲ್ಮ್ ಎಂಬ ಅಂಟು ಪದರ ಕಟ್ಟಿಕೊಂಡು ಕೂರುತ್ತದೆ. ಸೆಟ್ಟಿನಡಿ ಜೊಲ್ಲು ಹರಿಯುವುದಿಲ್ಲ, ಆಮ್ಲ ಹೆಚ್ಚುತ್ತದೆ, ಅದಕ್ಕೆ ಬೇಕಾದದ್ದೂ ಅದೇ. ನುಂಗಿದ ಫ್ಲೂಕೊನಜೋಲ್ ಎಂಬ ಫಂಗಸ್ ಮಾತ್ರೆ ಜೊಲ್ಲಿನಲ್ಲಿ ಚೆನ್ನಾಗಿಯೇ ಇಳಿದು ಬರುತ್ತದೆ, ಆದರೆ ಜೊಲ್ಲೇ ಹೋಗದ ಜಾಗಕ್ಕೆ ಅದು ಹೋಗುವುದು ಹೇಗೆ? ಹೋದರೂ ಬಯೋಫಿಲ್ಮ್ ಒಳಗಿನ ಕ್ಯಾಂಡಿಡಾ ಫ್ಲೂಕೊನಜೋಲ್ ಸೇರಿದ ಅಜೋಲ್ ಗುಂಪಿನ ಔಷಧಗಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಮಾತ್ರೆ ನಿಂತ ಮೇಲೆ ಸೆಟ್ಟಿನಿಂದ ಅಂಗುಳಕ್ಕೆ ಮತ್ತೆ ಬೀಜ ಬೀಳುತ್ತದೆ, ಅಷ್ಟೇ. ಇದನ್ನು ಔಷಧ ನಿರೋಧಕತೆ ಎಂದು ಕರೆಯುವುದು ಸೋರುವ ಕೊಡವಿಟ್ಟುಕೊಂಡು ಬಾವಿಯನ್ನು ಬೈದಂತೆ.

ಆದ್ದರಿಂದ ಸೆಟ್ಟಿನ ಚಿಕಿತ್ಸೆಯನ್ನು ಔಷಧದಷ್ಟೇ ಕಟ್ಟುನಿಟ್ಟಾಗಿ ಬರೆದುಕೊಡಿ. ರಾತ್ರಿ ಮಲಗುವಾಗ ಸೆಟ್ಟು ಬಾಯಲ್ಲಿರಬಾರದು. ಇದು ಒಂದೇ ಪಾಲಿಸಿದರೂ ಅರ್ಧ ಗೆದ್ದಂತೆ. ದಿನಕ್ಕೆರಡು ಸಲ ಬ್ರಷ್ಷು ಮತ್ತು ಸೋಪಿನಿಂದ ತೊಳೆಯಬೇಕು, ಒಳಮೈಯನ್ನು ಮುಖ್ಯವಾಗಿ. ಟೂತ್‌ಪೇಸ್ಟ್ ಬೇಡ. ಅದರೊಳಗಿನ ಉಜ್ಜುವ ಪುಡಿ ಅಕ್ರಿಲಿಕ್ ಮೇಲೆ ಗೀರೆಳೆದು ಫಂಗಸ್‌ಗೆ ಹೊಸ ಬಿಲ ತೋಡಿಕೊಡುತ್ತದೆ. ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಂಡು ತೊಳೆದರೆ ಕೈಜಾರಿದರೂ ಸೆಟ್ಟು ಒಡೆಯುವುದಿಲ್ಲ.

ತೊಳೆದ ಮೇಲೆ ನೆನೆಸುವುದು. ಲೋಹವಿಲ್ಲದ ಅಕ್ರಿಲಿಕ್ ಸೆಟ್ಟಿಗೆ 0.5% ಸೋಡಿಯಂ ಹೈಪೋಕ್ಲೋರೈಟ್, 10 ನಿಮಿಷ. 5% ಬ್ಲೀಚ್ ಆದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದರೆ ಈ ಪ್ರಮಾಣ ಸಿಗುತ್ತದೆ. ಸೀಸೆಯ ಮೇಲೆ ಎಷ್ಟು ಪ್ರತಿಶತ ಎಂದು ಓದದೆ ಅಳತೆ ಹೇಳಬೇಡಿ. ಬೇರೆ ಕ್ಲೀನರ್ ಜೊತೆ ಬೆರೆಸಕೂಡದು ಎಂಬುದನ್ನೂ ಬಾಯಿಬಿಟ್ಟು ಹೇಳಿ. ಹೆಚ್ಚು ಹೊತ್ತು ಬಿಟ್ಟರೆ ಬಣ್ಣ ಹೋಗುತ್ತದೆ, ಮೃದು ಲೈನರ್ ಹಾಳಾಗುತ್ತದೆ. ಕೋಬಾಲ್ಟ್ ಕ್ರೋಮಿಯಂ ಚೌಕಟ್ಟಾಗಲಿ ಲೋಹದ ಕೊಕ್ಕೆಯಾಗಲಿ ಇದ್ದರೆ ಹೈಪೋಕ್ಲೋರೈಟ್ ಅದನ್ನು ತಿನ್ನುತ್ತದೆ. ಅಂಥದ್ದಕ್ಕೆ 0.2% ಕ್ಲೋರ್‌ಹೆಕ್ಸಿಡಿನ್, ದಿನಕ್ಕೆರಡು ಸಲ 15 ನಿಮಿಷ. ಎರಡರಲ್ಲಿ ಯಾವುದೇ ಆಗಲಿ, ಬಾಯಿಗಿಡುವ ಮುನ್ನ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಕುದಿಯುವ ನೀರಿಗೆ ಮಾತ್ರ ಹಾಕಿಸಬೇಡಿ, ಸೆಟ್ಟು ಸೊಟ್ಟಗಾಗುತ್ತದೆ. ಸಡಿಲವಾಗಿದ್ದರೆ ಟಿಶ್ಯೂ ಕಂಡೀಷನರ್ ಎಂಬ ತಾತ್ಕಾಲಿಕ ಮೃದು ಪದರ ಒಳಗೆ ಹಾಕಿ, ಆದರೆ ಅದೇ ಕ್ಯಾಂಡಿಡಾದ ಹಾಸಿಗೆಯಾಗುವ ಮುನ್ನ ಬದಲಿಸಿ. ಹೊಸ ಸೆಟ್ಟಿನ ಅಚ್ಚು ತೆಗೆಯುವುದು ಅಂಗುಳ ಮಾಮೂಲಿ ಬಣ್ಣಕ್ಕೆ ಬಂದ ಮೇಲೆ. ಊದಿದ ಮೈಯ ಅಚ್ಚಿನ ಮೇಲೆ ಮಾಡಿದ ಸೆಟ್ಟು ಊತ ಇಳಿದಾಗ ಅಲುಗಾಡುತ್ತದೆ.

ಔಷಧಕ್ಕೆ ಬರೋಣ. ನಿಸ್ಟಾಟಿನ್ 1950ರಿಂದ ನಮ್ಮ ಜೊತೆಗಿದೆ. ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಅದನ್ನು ಪಡೆದು, ತಾವು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ರಾಜ್ಯದ ಹೆಸರನ್ನೇ ಇಟ್ಟರು. ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲವೆಂಬುದೇ ಅದರ ದೊಡ್ಡ ಗುಣ. ಬೇರೆ ಔಷಧಗಳೊಡನೆ ಜಗಳವಿಲ್ಲ, ಗರ್ಭಿಣಿಯರಿಗೂ ಇದನ್ನೇ ಆರಿಸಿಕೊಳ್ಳಬಹುದು. ಆದರೆ ಮುಟ್ಟಿದ ಜಾಗಕ್ಕಷ್ಟೇ ಕೆಲಸ. ಮಿಲಿಲೀಟರಿಗೆ 1,00,000 ಯೂನಿಟ್ ಇರುವ ಸಸ್ಪೆನ್ಷನ್, ಅಂದರೆ ಕುಲುಕಿ ಬಳಸುವ ದ್ರವ ಔಷಧ, ವಯಸ್ಕರಿಗೆ 4ರಿಂದ 6 ಮಿ.ಲೀ., ದಿನಕ್ಕೆ ನಾಲ್ಕು ಸಲ, 7ರಿಂದ 14 ದಿನ ಎಂಬುದು ಒಂದು ಕ್ರಮ. ಕೆಲವು ದೇಶಗಳ ಮಾರ್ಗಸೂಚಿಯಲ್ಲಿ ಸಲಕ್ಕೆ 1 ಮಿ.ಲೀ. ಎಂದಿದೆ. ಯಾವುದನ್ನು ಅನುಸರಿಸಿದರೂ ಲೆಕ್ಕ ಹಾಕಿ ಬರೆಯಿರಿ. 5 ಮಿ.ಲೀ.ನಂತೆ ನಾಲ್ಕು ಸಲವೆಂದರೆ ದಿನಕ್ಕೆ 20, ಹದಿನಾಲ್ಕು ದಿನಕ್ಕೆ 280. ಚೀಟಿಯಲ್ಲಿ ‘ಒಂದು ಬಾಟಲ್’ ಎಂದು ಬರೆದು, ಅಂಗಡಿಯಲ್ಲಿ ಸಿಕ್ಕಿದ್ದು 30 ಮಿ.ಲೀ. ಆಗಿದ್ದರೆ ಒಂದೂವರೆ ದಿನಕ್ಕೆ ಖಾಲಿ. ರೋಗಿ ಚಿಕಿತ್ಸೆ ಮುಗಿಯಿತೆಂದುಕೊಳ್ಳುತ್ತಾರೆ, ನಾವು ನಿಸ್ಟಾಟಿನ್ ಕೆಲಸ ಮಾಡಲಿಲ್ಲ ಎಂದುಕೊಳ್ಳುತ್ತೇವೆ.

ಬಳಸುವ ರೀತಿಯನ್ನೂ ಹೇಳಿಕೊಡಬೇಕು. ಸೀಸೆ ಚೆನ್ನಾಗಿ ಕುಲುಕಬೇಕು, ಔಷಧ ತಳದಲ್ಲಿ ಕೂತಿರುತ್ತದೆ. ಊಟವಾದ ಮೇಲೆ, ಸೆಟ್ಟು ತೆಗೆದಿಟ್ಟು, ಬಾಯಿಗೆ ಹಾಕಿಕೊಂಡು ಕೆಲವು ನಿಮಿಷ ಎಲ್ಲ ಮೂಲೆಗೂ ಆಡಿಸಿ ನುಂಗಬೇಕು. ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಸೆಟ್ಟು ಹಾಕಿಕೊಂಡೇ ಮುಕ್ಕಳಿಸಿದರೆ ಔಷಧಕ್ಕೂ ಅಂಗುಳಕ್ಕೂ ಮಧ್ಯೆ ಗೋಡೆ ಎದ್ದಂತೆ. ಬಿಳಿ ಮಾಯವಾದ ಮೇಲೂ ಕನಿಷ್ಠ ಎರಡು ದಿನ ಮುಂದುವರಿಸಬೇಕು. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಎರಡೂ ಒಟ್ಟಿಗೆ ಸೇರಿದರೆ ಕರಗದ ಲವಣವಾಗಿ ಒಂದನ್ನೊಂದು ಕೆಡಿಸುತ್ತವೆ, ನಡುವೆ ಅರ್ಧ ಗಂಟೆಯಾದರೂ ಅಂತರ ಬೇಕು. ಇನ್ನೊಂದು ಎಚ್ಚರ: ಹಲವು ಸಸ್ಪೆನ್ಷನ್‌ಗಳಲ್ಲಿ ಸಕ್ಕರೆ ದಂಡಿಯಾಗಿರುತ್ತದೆ. ಬಾಯಿ ಒಣಗಿದವರಿಗೆ, ಸ್ವಂತ ಹಲ್ಲಿರುವವರಿಗೆ ವಾರಗಟ್ಟಲೆ ಕೊಟ್ಟರೆ ಫಂಗಸ್ ಹೋಗಿ ಹುಳುಕು ಬಂದೀತು. ಫ್ಲೋರೈಡ್ ಜೊತೆಗಿರಲಿ. 10 ಮಿ.ಗ್ರಾಂ ಕ್ಲೋಟ್ರಿಮಜೋಲ್ ಚೀಪುವ ಮಾತ್ರೆಗೂ ಇದೇ ಮಾತು. ದಿನಕ್ಕೆ ಐದು ಬೇಕು, ಜಗಿಯದೆ ನಿಧಾನವಾಗಿ ಕರಗಿಸಬೇಕು. ಜೊಲ್ಲೇ ಇಲ್ಲದ ಬಾಯಲ್ಲಿ ಅದು ಕರಗುವುದೇ ಇಲ್ಲ.

ಮೈಕೊನಜೋಲ್ ಜೆಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಿದೆ. 2% ಜೆಲ್ ವಯಸ್ಕರಿಗೆ 2.5 ಮಿ.ಲೀ., ದಿನಕ್ಕೆ ನಾಲ್ಕು ಸಲ, ಊಟದ ನಂತರ. ವಾಸಿಯಾದ ಮೇಲೂ ಏಳು ದಿನ. ರಾತ್ರಿ ತೆಗೆದ ಸೆಟ್ಟಿಗೂ ಬ್ರಷ್ಷಿನಿಂದ ಹಚ್ಚಬಹುದು. ಕೆಲವು ಬ್ಯಾಕ್ಟೀರಿಯಾಗಳಿಗೂ ತಗಲುವುದರಿಂದ ಒಳ್ಳೆಯ ಔಷಧವೇ. ತೊಂದರೆ ಇರುವುದು ನಮ್ಮ ಮನಸ್ಸಿನಲ್ಲಿ. ಹಚ್ಚುವ ಔಷಧ, ಮೇಲುಮೇಲಿನದು ಎಂಬ ಭಾವನೆ. ಬಾಯಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಸೇರುತ್ತದೆ, ಯಕೃತ್ತಿನ ಸಿವೈಪಿ2ಸಿ9 ಎಂಬ ಕಿಣ್ವವನ್ನು ತಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಕರಗಿ ಹೋಗುವುದು ಇದೇ ಕಿಣ್ವದಿಂದ. ದಾರಿ ಮುಚ್ಚಿದರೆ ವಾರ್ಫರಿನ್ ರಕ್ತದಲ್ಲಿ ಏರುತ್ತದೆ, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವೆಂದು ಅಳೆಯುವ ಐಎನ್‌ಆರ್ ಕೈಮೀರುತ್ತದೆ. ರಕ್ತಸ್ರಾವವಾಗುವ ಹೊತ್ತಿಗೆ ಕೆಲವು ದಿನಗಳೇ ಕಳೆದಿರುತ್ತವೆ. ರೋಗಿ ಹೋಗುವುದು ತುರ್ತು ಚಿಕಿತ್ಸೆಗೆ, ನಮ್ಮ ಬಳಿಗಲ್ಲ, ಆದ್ದರಿಂದ ನಮ್ಮ ಚೀಟಿಯೇ ಕಾರಣವೆಂದು ನಮಗೆ ಗೊತ್ತಾಗುವುದೂ ಇಲ್ಲ. ಸಾವುಗಳೂ ವರದಿಯಾಗಿವೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ, ವಾರ್ಫರಿನ್ ತೆಗೆದುಕೊಳ್ಳುವವರು ಚೀಟಿಯಿಲ್ಲದೆ ಕೊಳ್ಳುವ ಮೈಕೊನಜೋಲ್ ಬಾಯಿ ಜೆಲ್ ಬಳಸಲೇಬಾರದು ಎಂದು ಸ್ಪಷ್ಟಪಡಿಸಿತು. ವಾರ್ಫರಿನ್ ಇದ್ದಲ್ಲಿ ನಿಸ್ಟಾಟಿನ್ ಬರೆಯಿರಿ. ಇಷ್ಟು ಸರಳವಾದ ಬದಲಿ ಇರುವಾಗ ಅಪಾಯಕ್ಕೆ ಕೈಹಾಕುವ ಅಗತ್ಯವೇ ಇಲ್ಲ.

ಅದೇ ಕಿಣ್ವದ ಕಥೆ ಫ್ಲೂಕೊನಜೋಲ್‌ನಲ್ಲೂ ಇದೆ, ಅದೂ ಇನ್ನಷ್ಟು ವಿಸ್ತಾರವಾಗಿ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾದರಿಯ ಸಕ್ಕರೆ ಮಾತ್ರೆಗಳ ಮಟ್ಟ ಏರಿ ರಕ್ತದ ಸಕ್ಕರೆ ಕುಸಿಯಬಹುದು. ಫಂಗಸ್ ಹೆಚ್ಚು ಕಾಡುವುದೇ ಸಕ್ಕರೆ ಕಾಯಿಲೆಯವರನ್ನು ಎಂಬುದನ್ನು ನೆನಪಿಟ್ಟರೆ ಇದು ಅಪರೂಪದ ಸಂಗತಿಯಲ್ಲ. ಮೂರ್ಛೆರೋಗದ ಫೆನಿಟಾಯಿನ್ ವಿಷಮಟ್ಟಕ್ಕೇರಬಹುದು. ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಜೊತೆ ಸ್ನಾಯುಗಳು ಹಾಳಾಗಬಹುದು. ಆ ದಿನಗಳ ಮಟ್ಟಿಗೆ ಅದನ್ನು ನಿಲ್ಲಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನು ಕೇಳಿ. ಹೃದಯದ ಲಯದ ಮೇಲೆ, ಅಂದರೆ ಕ್ಯೂಟಿ ಅವಧಿಯ ಮೇಲೆ ಪರಿಣಾಮ ಬೀರುವ ಇತರ ಔಷಧಗಳಿದ್ದರೆ ಇನ್ನೂ ಎಚ್ಚರ. ಗರ್ಭಿಣಿಯರಿಗೆ ಬೇಡ. ಔಷಧದ ಬಹುಭಾಗ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾದವರಿಗೆ ದಿನಗಟ್ಟಲೆ ಕೊಡುವಾಗ ಡೋಸ್ ಅರ್ಧಕ್ಕಿಳಿಸಬೇಕಾಗುತ್ತದೆ.

ಡೋಸ್ ವಿಷಯದಲ್ಲೂ ಗೊಂದಲವಿದೆ. 150 ಮಿ.ಗ್ರಾಂ ಒಂದೇ ಮಾತ್ರೆ ಯೋನಿಯ ಸೋಂಕಿಗೆ ರೂಢಿಯಲ್ಲಿರುವ ಕ್ರಮ. ಬಾಯಿಗೆ ಅದನ್ನೇ ಎರವಲು ತಂದು ‘ವಾರಕ್ಕೊಂದು’ ಎಂದು ಬರೆಯುವವರಿದ್ದಾರೆ. ಬಾಯಿಗೆ ದಿನಾ ಒಂದರಂತೆ 7ರಿಂದ 14 ದಿನ. ಸಾಧಾರಣ ಸೋಂಕಿಗೆ 50 ಮಿ.ಗ್ರಾಂ ಸಾಕೆಂದು ಕೆಲವು ಮಾರ್ಗಸೂಚಿಗಳು, ಮಧ್ಯಮದಿಂದ ತೀವ್ರ ಸೋಂಕಿಗೆ 100ರಿಂದ 200 ಎಂದು ಇನ್ನು ಕೆಲವು ಹೇಳುತ್ತವೆ. ಮೊದಲ ದಿನವೇ ಮಾತ್ರೆಗೆ ಹೋಗದೆ, ಸೌಮ್ಯವಾದದ್ದಕ್ಕೆ ಹಚ್ಚುವ, ಮುಕ್ಕಳಿಸುವ ಔಷಧದಿಂದ ತೊಡಗುವುದೇ ಸರಿ. ಕೀಟೊಕೊನಜೋಲ್ ಮಾತ್ರೆಯನ್ನಂತೂ ಮರೆತುಬಿಡಿ. ಯಕೃತ್ತಿಗೆ ಮಾಡುವ ಹಾನಿಗಾಗಿ 2013ರಲ್ಲಿ ಯುರೋಪಿನಲ್ಲಿ ಅದನ್ನು ತಡೆಹಿಡಿಯಲು ಶಿಫಾರಸಾಯಿತು, ಅಮೆರಿಕದಲ್ಲಿ ಕಟ್ಟುನಿಟ್ಟಿನ ಮಿತಿ ಬಿತ್ತು. ಬಾಯಿಯ ಥ್ರಷ್‌ಗೆ ಅದನ್ನು ಬರೆಯಲು ಈಗ ಯಾವ ಕಾರಣವೂ ಉಳಿದಿಲ್ಲ.

ಕಟಬಾಯಿ ಸೀಳಿದ್ದರೆ ಅದು ಬರೀ ಫಂಗಸ್ ಎಂದುಕೊಳ್ಳಬೇಡಿ. ಕ್ಯಾಂಡಿಡಾ ಮತ್ತು ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಜೊತೆಯಾಗಿರುವುದೇ ಹೆಚ್ಚು. 2% ಮೈಕೊನಜೋಲ್ ಕ್ರೀಮ್ ಇದಕ್ಕೆ ಒಪ್ಪುತ್ತದೆ. ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ದರೆ ಫ್ಯೂಸಿಡಿಕ್ ಆಮ್ಲದ ಮುಲಾಮು. ಉರಿಯೂತ ಜೋರಿದ್ದರೆ 1% ಹೈಡ್ರೊಕಾರ್ಟಿಸೋನ್ ಸೇರಿದ ಕ್ರೀಮ್, ಒಂದು ವಾರಕ್ಕಿಂತ ಹೆಚ್ಚು ಬೇಡ. ಸವೆದ ಸೆಟ್ಟಿನಿಂದ ಮುಖದ ಎತ್ತರ ಕುಗ್ಗಿ ತುಟಿಯಂಚು ಮಡಚಿಕೊಂಡು, ಅಲ್ಲಿ ಜೊಲ್ಲು ನಿಲ್ಲುತ್ತಿದ್ದರೆ ಯಾವ ಕ್ರೀಮೂ ಉಳಿಯುವುದಿಲ್ಲ. ಕಬ್ಬಿಣಾಂಶ, ಫೋಲೇಟ್, ಬಿ12 ಪರೀಕ್ಷೆಗೂ ಬರೆಯಿರಿ.

ಕಾರಣ ಹುಡುಕುವ ಕೆಲಸ ಇಲ್ಲೇ ಮುಗಿಯುವುದಿಲ್ಲ. ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರಿಗೆ ಸ್ಪೇಸರ್ ಹಾಕಿಕೊಳ್ಳಲು, ಎಳೆದುಕೊಂಡ ಕೂಡಲೇ ಬಾಯಿ ಮುಕ್ಕಳಿಸಿ ಉಗುಳಲು ಹೇಳಿ. ಇನ್‌ಹೇಲರ್ ನಿಲ್ಲಿಸಿ ಎಂದು ಮಾತ್ರ ಹೇಳಬೇಡಿ, ಥ್ರಷ್‌ಗಿಂತ ಉಬ್ಬಸ ಕೊಲ್ಲುವ ರೋಗ. ಖಿನ್ನತೆಯ ಕೆಲವು ಮಾತ್ರೆಗಳು, ಅಲರ್ಜಿಯ ಮಾತ್ರೆಗಳು ಬಾಯಿ ಒಣಗಿಸುತ್ತವೆ. ತಲೆ ಮತ್ತು ಕುತ್ತಿಗೆಗೆ ವಿಕಿರಣ ಚಿಕಿತ್ಸೆಯಾದವರ ಬಾಯಿಯಂತೂ ಹೇಳುವುದೇ ಬೇಡ. ಸೋರಿಯಾಸಿಸ್‌ಗೆ ಕೊಡುವ ಸೆಕುಕಿನುಮಾಬ್‌ನಂಥ ಚುಚ್ಚುಮದ್ದುಗಳೂ ಕ್ಯಾಂಡಿಡಾಕ್ಕೆ ಬಾಗಿಲು ತೆರೆಯುತ್ತವೆ. ಇನ್ನು ಹಲ್ಲುನೋವಿಗೆಲ್ಲ ನಾವು ಬರೆಯುವ ಆಂಟಿಬಯೋಟಿಕ್? ಅದರ ಹಿಂದೆಯೇ ಬರುವ ಕೆಂಪು, ಉರಿಯುವ ನಾಲಿಗೆ ನಮ್ಮದೇ ಕೊಡುಗೆ. ಲೈಕೆನ್ ಪ್ಲೇನಸ್‌ಗೆಂದು ನಾವು ಕೊಟ್ಟ ಸ್ಟೀರಾಯ್ಡ್ ಮುಲಾಮಿನದೂ ಅದೇ ಹಾಡು.

ಇದ್ಯಾವುದೂ ಇಲ್ಲದ ಎಳೆಯ ಪ್ರಾಯದವರಲ್ಲಿ ಥ್ರಷ್ ಕಂಡರೆ ರಕ್ತದ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆಗೆ, ಒಪ್ಪಿಗೆ ಪಡೆದು, ಗೌರವದಿಂದ ಕಳಿಸಬೇಕು. 1981ರ ಜೂನ್ 5ರಂದು ಅಮೆರಿಕದಲ್ಲಿ ಪ್ರಕಟವಾದ, ಏಡ್ಸ್‌ನ ಮೊದಲ ವರದಿಯಲ್ಲಿದ್ದ ಐವರಿಗೂ ಲೋಳೆಪೊರೆಯ ಕ್ಯಾಂಡಿಡಾ ಸೋಂಕಿತ್ತು. ನುಂಗುವಾಗ ಎದೆಯಲ್ಲಿ ನೋವು ಎಂದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಅದು ನಮ್ಮ ಜೆಲ್ಲಿಗೆ ಸಿಗುವಂಥದ್ದಲ್ಲ, ಅಂದೇ ವೈದ್ಯರ ಬಳಿ ಕಳಿಸಿ.

ಎಲ್ಲ ಸರಿಯಾಗಿ ಮಾಡಿಯೂ ಎರಡು ವಾರದಲ್ಲಿ ಇಳಿಯದಿದ್ದರೆ ಆಗ ಫಂಗಸ್ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿ, ಕ್ಯಾಂಡಿಡಾದ ಯಾವ ಜಾತಿ ಎಂದು ಕೇಳಿ. ಕ್ರೂಸಿ ಜಾತಿಗೆ ಫ್ಲೂಕೊನಜೋಲ್ ಹುಟ್ಟಾ ತಾಗುವುದಿಲ್ಲ, ಗ್ಲಾಬ್ರಾಟಾಕ್ಕೆ ಅರೆಬರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಶಿಲೀಂಧ್ರಗಳ ಆದ್ಯತಾ ಪಟ್ಟಿಯ ಅತಿ ಗಂಭೀರ ಗುಂಪಿನಲ್ಲಿ ನಮ್ಮ ದಿನನಿತ್ಯದ ಆಲ್ಬಿಕನ್ಸ್ ಕೂಡ ಇದೆ. ನಿರೋಧಕತೆಯನ್ನು ಗುರುತಿಸುವುದು ಪ್ರಯೋಗಾಲಯದ ಕೆಲಸ, ಊಹೆಯದ್ದಲ್ಲ.

ಗುರುಗಳಲ್ಲಿ ಒಂದು ಕೋರಿಕೆ. ಪರೀಕ್ಷೆಯಲ್ಲಿ ‘ಕ್ಯಾಂಡಿಡಿಯಾಸಿಸ್‌ನ ವರ್ಗೀಕರಣ ಬರೆಯಿರಿ’ ಎಂದು ಕೇಳುವ ಬದಲು, ವಾರ್ಫರಿನ್ ನುಂಗುವ, ಮೇಲಿನ ಅಕ್ರಿಲಿಕ್ ಸೆಟ್ಟು ಹಾಕುವ ಹಿರಿಯರೊಬ್ಬರ ಕೆಂಪು ಅಂಗುಳದ ಚಿತ್ರ ಕೊಟ್ಟು ಚೀಟಿ ಬರೆಸಿ. ಉತ್ತರ ಹೀಗಿದ್ದರೆ ಪೂರ್ತಿ ಅಂಕ ಕೊಡಿ:

‘ನಿಸ್ಟಾಟಿನ್ ಸಸ್ಪೆನ್ಷನ್, ಮಿ.ಲೀ.ಗೆ 1,00,000 ಯೂನಿಟ್. ಕುಲುಕಿ, 5 ಮಿ.ಲೀ., ದಿನಕ್ಕೆ ನಾಲ್ಕು ಸಲ, ಊಟದ ನಂತರ, ಸೆಟ್ಟು ತೆಗೆದು, ಬಾಯಲ್ಲಿ ಆಡಿಸಿ ನುಂಗುವುದು. 14 ದಿನ. ಒಟ್ಟು 280 ಮಿ.ಲೀ. ರಾತ್ರಿ ಸೆಟ್ಟು ತೆಗೆದಿಡುವುದು. ದಿನಾ ಸೋಪಿನಿಂದ ಉಜ್ಜಿ, 0.5% ಹೈಪೋಕ್ಲೋರೈಟ್‌ನಲ್ಲಿ 10 ನಿಮಿಷ ನೆನೆಸಿ, ನೀರಿನಲ್ಲಿ ಜಾಲಿಸುವುದು. ಮೈಕೊನಜೋಲ್, ಫ್ಲೂಕೊನಜೋಲ್ ಬೇಡ: ವಾರ್ಫರಿನ್ ಇದೆ. ಎರಡು ವಾರದ ನಂತರ ಸೆಟ್ಟಿನೊಂದಿಗೆ ಬರುವುದು.’

ಇತಿ,
ಬಾಯಿರೋಗ ವಿಭಾಗದಲ್ಲಿ ಕೆಲಸ ಮಾಡುವ ಕೆಲವು ದಂತವೈದ್ಯರು